ಅರಸರ ಕಡೆಯಿಂದ ಬಂದ ದೂರು

ನಮ್ಮ ವಿಶ್ವವಿದ್ಯಾಲಯದ ಕುಲಸಚಿವರು ಮೊನ್ನೆ ನನ್ನನ್ನು ಕರೆದು, "ಕಂಪನಿ ಅಧಿಕಾರಿಗಳಿಗೆ ಸಾಹಿತ್ಯ, ತತ್ವಶಾಸ್ತ್ರ ಓದಿಸೋ ಕಾರ್ಯಕ್ರಮ ಶುರುವಾಗಿ ಹತ್ತು ವರ್ಷ ಆಯ್ತಂತೆ. ಅದರದ್ದೊಂದು ಇತಿಹಾಸ ಬರ್ಕೊಡಿ. ಎರಡು ಪುಟ ಸಾಕು" ಎಂದರು.

ನಾನು ಆ ವಿಭಾಗದ ಗುಮಾಸ್ತ. ಹತ್ತು ವರ್ಷದಿಂದ ಆ ತರಗತಿಗೆ ಕುರ್ಚಿ ಹಾಕಿಸಿದವನು, ಹಾಜರಿ ತೆಗೆದವನು, ಟೀ ತರಿಸಿದವನು, ಓದಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿದವನು ನಾನೇ. ಪ್ರಾಧ್ಯಾಪಕರನ್ನು ಕೇಳಿದರೆ ಅವರು ಗ್ರೀಕರಿಂದ ಶುರು ಮಾಡುತ್ತಾರೆ. ಎರಡು ಪುಟ ಮುಗಿಯುವ ಹೊತ್ತಿಗೆ ಗ್ರೀಕರು ಇನ್ನೂ ಸ್ನಾನ ಮುಗಿಸಿ ಹೊರಗೆ ಬಂದಿರುವುದಿಲ್ಲ. ಅದಕ್ಕೇ ಈ ಕೆಲಸ ನನ್ನ ಪಾಲಿಗೆ ಬಂತು.

ಪ್ರಾಧ್ಯಾಪಕರು ಹೇಳುವ ಪ್ರಕಾರ, ದೂರದ ಯಾವುದೋ ದೇಶದಲ್ಲಿ ನಮ್ಮ ತಾತಂದಿರ ಕಾಲದಲ್ಲೇ ಒಂದು ಟೆಲಿಫೋನ್ ಕಂಪನಿ ತನ್ನ ಅಧಿಕಾರಿಗಳನ್ನು ಕೆಲಸ ಬಿಡಿಸಿ, ಸಂಬಳ ಕೊಟ್ಟು, ತಿಂಗಳುಗಟ್ಟಲೆ ಕಾವ್ಯ ಓದಲು ವಿಶ್ವವಿದ್ಯಾಲಯಕ್ಕೆ ಕಳಿಸಿತ್ತಂತೆ. ಅವರು ಓದಿದರು, ಚೆನ್ನಾಗಿಯೇ ಓದಿದರು, ಓದಿ ಬಂದ ಮೇಲೆ ಕಂಪನಿಗಿಂತ ಮನೆ ಮಕ್ಕಳು ಮುಖ್ಯ ಅನ್ನತೊಡಗಿದರು. ಕಂಪನಿ ಗಾಬರಿಬಿದ್ದು ಕಾವ್ಯವನ್ನೇ ನಿಲ್ಲಿಸಿತು. ಇಂಥ ಅಪಾಯದ ವಿದ್ಯೆಯನ್ನು ನಮ್ಮ ಪ್ರಾಧ್ಯಾಪಕರು ನಮ್ಮಲ್ಲೂ ತಂದರು. ಮೊದಲ ವರ್ಷ ಬಂದವರು ಬ್ಯಾಂಕಿನವರು ಇಬ್ಬರು, ಸಿಮೆಂಟಿನವರು ಒಬ್ಬರು. ಬ್ಯಾಂಕಿನವರು ನಿದ್ದೆ ಮಾಡಿದರು. ಸಿಮೆಂಟಿನವರು ಗೊರಕೆ ಹೊಡೆದು ಬ್ಯಾಂಕಿನವರನ್ನು ಎಬ್ಬಿಸಿದರು. ನಂತರದ ವರ್ಷಗಳಲ್ಲೂ ಹೆಚ್ಚು ಕಡಿಮೆ ಇದೇ ನಡೆಯಿತು. ಇತಿಹಾಸ ಅಂತ ಏನಾದರೂ ನಡೆದಿದ್ದರೆ ಅದು ಆರನೇ ವರ್ಷ, ಪಂಪು ಕಾರ್ಖಾನೆಯ ಯಾಕಪ್ಪನವರು ಬಂದಾಗ.

ಯಾಕಪ್ಪ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಅವರು ಅಲ್ಲಿ ಗುಣಮಟ್ಟ ತಪಾಸಣೆಯವರು. ಇಪ್ಪತ್ತಾರು ವರ್ಷದಿಂದ ಅವರ ಕೆಲಸ ಒಂದೇ. ಯಾವುದಾದರೂ ಪಂಪು ಕೆಟ್ಟು ದೂರು ಬಂದರೆ, ಗುಲಾಬಿ ಬಣ್ಣದ ಫಾರಂ ತೆಗೆದು "ಯಾಕೆ?" ಎಂದು ಬರೆಯುವುದು. ಉತ್ತರ ಸಿಕ್ಕರೆ ಅದರ ಕೆಳಗೆ ಮತ್ತೆ "ಅದು ಯಾಕೆ?" ಹೀಗೆ ಐದು ಸಲ. ಐದನೇ ಯಾಕೆಗೆ ಉತ್ತರ ಸಿಕ್ಕಾಗ ರೋಗದ ಬೇರು ಸಿಗುತ್ತದೆ ಎಂಬುದು ಕಾರ್ಖಾನೆಯ ನಂಬಿಕೆ. ಮನೆಯಲ್ಲೂ ಹಾಲು ಉಕ್ಕಿದರೆ ಐದು ಸಲ ಕೇಳುತ್ತಿದ್ದರಂತೆ. ಮೂರನೇ ಯಾಕೆಗೇ ಅವರ ಹೆಂಡತಿ ಸೌಟು ಎತ್ತುತ್ತಿದ್ದರಂತೆ.

ಇಂಥವರು ನಮ್ಮ ತರಗತಿಗೆ ಬಂದದ್ದು ಹೇಗೆ? ಕಾರ್ಖಾನೆಯ ಮಾಲೀಕರನ್ನು ಎಲ್ಲರೂ ದೊಡ್ಡ ಸಾಹೇಬರು ಅನ್ನುತ್ತಾರೆ. ಅವರು ಯಾವುದೋ ಸಮಾರಂಭದಲ್ಲಿ ನಮ್ಮ ಕುಲಪತಿಗಳಿಗೆ, "ನಮ್ಮ ಎಕ್ಸಿಕ್ಯುಟಿವ್ ಒಬ್ಬರನ್ನ ಕಳಿಸ್ತೀನಿ" ಎಂದು ಮಾತು ಕೊಟ್ಟುಬಿಟ್ಟರು. ಕಳಿಸಬೇಕಾದ ದಿನ ಹತ್ತಿರ ಬಂದಾಗ ಮಾರಾಟದ ಮುಖ್ಯಸ್ಥರಿಗೆ ಪ್ರವಾಸ ಬಂತು, ಖರೀದಿಯವರಿಗೆ ಸೊಂಟನೋವು ಬಂತು, ಮ್ಯಾನೇಜರ್ ಸಾಹೇಬರಿಗೆ ಎರಡೂ ಬಂದವು. ಉಳಿದವರು ಯಾಕಪ್ಪನವರು. ಆದರೆ ಅವರು ಎಕ್ಸಿಕ್ಯುಟಿವ್ ಅಲ್ಲವಲ್ಲ? ಮ್ಯಾನೇಜರ್ ಆದೇಶ ಹೊರಡಿಸಿದರು: ಸದರಿಯವರನ್ನು ಹತ್ತು ವಾರಗಳ ಅವಧಿಗೆ, ಶನಿವಾರಗಳಿಗೆ ಮಾತ್ರ ಅನ್ವಯವಾಗುವಂತೆ, ಎಕ್ಸಿಕ್ಯುಟಿವ್ ಎಂದು ಪರಿಗಣಿಸತಕ್ಕದ್ದು.

ಯಾಕಪ್ಪನವರು ಆ ಆದೇಶಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅವರ ಭಾವಮೈದುನ ಕೋರ್ಟಿನಲ್ಲಿ ಟೈಪಿಸ್ಟು. ಆತ ಓದಿ, "ಭಾವ, ಭಾನುವಾರ ಬೆಳಿಗ್ಗೆ ಏಳುವಾಗ ಹುಷಾರು. ಒಂದೇ ರಾತ್ರೀಲಿ ಇಷ್ಟು ಎತ್ತರದಿಂದ ಬಿದ್ರೆ ಮೂಳೆ ಮುರಿಯುತ್ತೆ" ಎಂದ. ಯಾಕಪ್ಪನವರು ನಗಲಿಲ್ಲ. ಶನಿವಾರ ಹೊಸ ಷರಟು ಹಾಕಿಕೊಂಡು, ಅರ್ಧ ಗಂಟೆ ಮುಂಚೆಯೇ ಬಂದು ಮೊದಲ ಸಾಲಿನಲ್ಲಿ ಕೂತರು. ಪ್ರಾಧ್ಯಾಪಕರು ಪಾಠ ಮಾಡುತ್ತಾ ಯಥಾಪ್ರಕಾರ ತರಗತಿಯತ್ತ ತಿರುಗಿ, "ನಿಮಗೇನನ್ಸುತ್ತೆ?" ಎಂದರು. ಯಾಕಪ್ಪನವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ತಮ್ಮನ್ನೇ ಕೇಳಿದ್ದು ಎಂದು ಗೊತ್ತಾದಾಗ ಅವರ ಕಿವಿ ಕೆಂಪಾಯಿತು. ಟೀ ಕುಡಿಯುವಾಗ ನನ್ನ ಹತ್ತಿರ ಬಂದು, "ಅವರು ಎಲ್ಲರನ್ನೂ ಹಾಗೇ ಕೇಳ್ತಾರಾ?" ಎಂದು ಮೆಲ್ಲಗೆ ವಿಚಾರಿಸಿದರು. ಅವತ್ತಿನಿಂದ ಆ ಮನುಷ್ಯ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಕೊನೆಯ ಐದು ವಾರ ಒಂದು ಹಳೆಯ ನಾಟಕ. ಅದರ ಪ್ರತಿ ಇದ್ದದ್ದು ಒಂದೇ, ಪ್ರಾಧ್ಯಾಪಕರ ಕಪಾಟಿನಲ್ಲಿ. ಕಾಗದದ ಅಭಾವದಿಂದ ನಾನು ವಾರಕ್ಕೆ ಒಂದು ಅಂಕ ಮಾತ್ರ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ. ಮುಂದೆ ಆದದ್ದಕ್ಕೆಲ್ಲ ಈ ಮಿತವ್ಯಯವೇ ಕಾರಣ ಎಂದು ಇತಿಹಾಸಕಾರನಾಗಿ ನಾನು ಒಪ್ಪಿಕೊಳ್ಳುತ್ತೇನೆ.

ನಾಟಕದ ಕಥೆ ಹೀಗೆ. ಊರಿಗೆ ನೀರಿಲ್ಲ. ಅರಸ ಇದ್ದ ನೀರನ್ನೆಲ್ಲ ಅರಮನೆಯ ಕೊಳಕ್ಕೆ ತಿರುಗಿಸಿಕೊಂಡು ಬಾಗಿಲು ಹಾಕಿಸಿದ್ದಾನೆ. ಅವನ ಮಗಳು ಗಂಡನ ಜೊತೆ ಕೆಳಪೇಟೆಯಲ್ಲಿರುವವಳು. ಒಂದು ದಿನ ಅರಮನೆಯ ಬಾಗಿಲಲ್ಲಿ ಉಳಿದ ಹೆಂಗಸರ ಸಾಲಿನಲ್ಲಿ ಅವಳೂ ಕೊಡ ಹಿಡಿದು ಬಂದು ನಿಂತಳು. ಕಾವಲುಗಾರ "ಯಾರು ನೀನು?" ಎಂದು ಕೇಳಿದ. ಅವಳು ಹೇಳಲಿಲ್ಲ. ಕಾವಲುಗಾರ ಒಳಗೆ ಹೋಗಿ "ಯಾರೋ ಒಬ್ಬಳು" ಎಂದ. ಅರಸ "ಯಾರೋ ಆದರೆ ಬೇಡ" ಎಂದ. ನಾಲ್ಕನೇ ಅಂಕದ ಕೊನೆಗೆ ಅವಳ ಹೆಣ ಅರಮನೆಯ ಮುಂದೆ ಬಂತು. ಅಲ್ಲಿಗೆ ನನ್ನ ಜೆರಾಕ್ಸ್ ಮುಗಿಯಿತು.

"ಸಾರ್, ಆಮೇಲೆ?" ಎಂದರು ಯಾಕಪ್ಪನವರು.

"ಮುಂದಿನ ಶನಿವಾರ" ಎಂದರು ಪ್ರಾಧ್ಯಾಪಕರು. "ಈಗಲೇ ಹೇಳಿದ್ರೆ ನೀವು ಯೋಚನೆ ಮಾಡೋದು ಬಿಡ್ತೀರಿ. ತಪ್ಪು ಯಾರದು ಅಂತ ಬರ್ಕೊಂಡು ಬನ್ನಿ."

ಸೋಮವಾರ ಯಾಕಪ್ಪನವರು ಊಟದ ಬಿಡುವಿನಲ್ಲಿ ಬರೆಯಲು ಕೂತರು. ಬಿಳಿ ಹಾಳೆಯ ಮೇಲೆ ಒಂದಕ್ಷರ ಹುಟ್ಟಲಿಲ್ಲ. ಇಪ್ಪತ್ತಾರು ವರ್ಷ ಗುಲಾಬಿ ಫಾರಂ ಮೇಲೆ ಯೋಚನೆ ಮಾಡಿದ ಕೈ ಅದು. ಕೊನೆಗೆ ಡ್ರಾಯರಿನಿಂದ ಒಂದು ಫಾರಂ ತೆಗೆದರು. ತಕ್ಷಣ ಪೆನ್ನು ಓಡಿತು. ಗ್ರಾಹಕರ ಹೆಸರು: ಅರಸರು. ಸ್ಥಳ: ಕೆಳಪೇಟೆ. ದೂರು: ನೀರು ಬರುತ್ತಿಲ್ಲ. ನಷ್ಟ: ಗ್ರಾಹಕರ ಮಗಳು, ಒಬ್ಬರು. ಮಗಳು ಸತ್ತದ್ದು ಯಾಕೆ? ನೀರು ಸಿಗದೆ. ನೀರು ಸಿಗಲಿಲ್ಲ ಯಾಕೆ? ಬಾಗಿಲು ತೆಗೆಯಲಿಲ್ಲ. ಬಾಗಿಲು ತೆಗೆಯಲಿಲ್ಲ ಯಾಕೆ? ಕಾವಲುಗಾರ ಯಾರೋ ಒಬ್ಬಳು ಅಂದ. ಹಾಗೆ ಅಂದದ್ದು ಯಾಕೆ? ಅವಳು ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲ ಯಾಕೆ?

ಇಲ್ಲಿ ಪೆನ್ನು ನಿಂತಿತು. ಗಂಟೆಯೂ ಹೊಡೆಯಿತು. ಯಾಕಪ್ಪನವರು ಐದನೆಯದನ್ನು ಖಾಲಿ ಬಿಟ್ಟು, ಅಭ್ಯಾಸಬಲದಿಂದ ಕೆಳಗೆ ಸಹಿ ಮಾಡಿ, ಅಭ್ಯಾಸಬಲದಿಂದಲೇ ಅದನ್ನು ಮೇಜಿನ ಬಲಗಡೆಯ ಟ್ರೇಗೆ ಹಾಕಿ ಕೆಲಸಕ್ಕೆ ಎದ್ದರು.

ಬಲಗಡೆಯ ಟ್ರೇಯಲ್ಲಿ ಬಿದ್ದ ಕಾಗದವನ್ನು ನಾಲ್ಕು ಗಂಟೆಗೆ ನಂಬರಮ್ಮ ತೆಗೆದುಕೊಂಡು ಹೋಗುತ್ತಾರೆ. ದೂರುಗಳಿಗೆ ನಂಬರು ಹೊಡೆಯುವ ಆ ಹೆಂಗಸಿಗೆ ಕಾಗದದಲ್ಲಿ ಏನಿದೆ ಎಂಬುದು ಮುಖ್ಯವಲ್ಲ. ಹೊಡೆದರು, ನಾನೂರ ಹದಿನೇಳು. ಒಮ್ಮೆ ನಂಬರು ಬಿದ್ದ ದೂರನ್ನು ಹರಿಯುವ ಹಾಗಿಲ್ಲ, ಹೊಡೆದುಹಾಕುವ ಹಾಗಿಲ್ಲ. ಐದು ಯಾಕೆಯೂ ತುಂಬಿ, ಗ್ರಾಹಕರ ಸಹಿ ಬಿದ್ದರೆ ಮಾತ್ರ ದೂರು ಮುಗಿಯುತ್ತದೆ. ಇದು ಆ ಕಾರ್ಖಾನೆಯ ಕಾನೂನು. ಮುಂದಿನ ಸೋಮವಾರ ಹೊರಗಿನಿಂದ ಆಡಿಟ್‌ನವರು ಬಂದು ಮುಗಿಯದ ದೂರುಗಳನ್ನು ಹುಡುಕುವವರಿದ್ದರು.

ಮಂಗಳವಾರ ಬೆಳಿಗ್ಗೆ ಆ ಫಾರಂ ಮ್ಯಾನೇಜರ್ ಮೇಜಿನ ಮೇಲೆ ಇತ್ತು. ಅವರು "ನಷ್ಟ" ಎಂಬ ಕಡೆ ಓದಿ ಕುರ್ಚಿಯಲ್ಲೇ ಒಂದು ಗೇಣು ಮೇಲೆ ಹಾರಿದರಂತೆ. ಮೂವತ್ತು ವರ್ಷದಲ್ಲಿ ಪಂಪಿನಿಂದ ಬೆರಳು ಹೋದದ್ದಿತ್ತು, ಪಂಚೆ ಹೋದದ್ದಿತ್ತು. ಮಗಳು ಹೋದದ್ದಿರಲಿಲ್ಲ. ಯಾಕಪ್ಪನವರು ಅವತ್ತು ಬೇರೆ ಊರಿಗೆ ತಪಾಸಣೆಗೆ ಹೋಗಿದ್ದರು, ಬರುವುದು ಬುಧವಾರ ಸಂಜೆ. ಕಾಯುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಬುಧವಾರ ಬೆಳಿಗ್ಗೆಯೇ ಮಾರಾಟದ ಮುಖ್ಯಸ್ಥರು ಒಂದು ಸಂತಾಪ ಪತ್ರ, ಒಂದು ಹೂವಿನ ಗುಚ್ಛ, ಒಂದು ಹೊಸ ಪಂಪು ಕಾರಿಗೆ ಹಾಕಿಕೊಂಡು ಕೆಳಪೇಟೆಗೆ ಹೊರಟರು. ಕೆಳಪೇಟೆ ಅಂತ ನಮ್ಮಲ್ಲಿ ನಿಜವಾಗಿಯೂ ಒಂದಿದೆ. ಎಲ್ಲ ಊರಿನಲ್ಲೂ ಇರುತ್ತದೆ. ಅಲ್ಲಿ ಎರಡು ಗಂಟೆ ಅಲೆದ ಮೇಲೆ "ಅರಸ ಲಾಂಡ್ರಿ" ಎಂಬ ಬೋರ್ಡು ಕಾಣಿಸಿತು.

ಮಾರಾಟದವರು ತಲೆ ತಗ್ಗಿಸಿ ಒಳಗೆ ಹೋಗಿ, "ನಿಮ್ಮ ಮಗಳ ವಿಷಯ ಕೇಳಿ ಬಹಳ ಸಂಕಟ ಆಯ್ತು" ಎಂದರು.

ಲಾಂಡ್ರಿಯವನು ಇಸ್ತ್ರಿ ಕೆಳಗಿಟ್ಟ. "ಯಾಕೆ ಸ್ವಾಮಿ? ಏನ್ ಮಾಡಿದ್ಲು?"

"ಪಾಪ, ನೀರಿಲ್ಲದೆ..."

"ನೀರಿಲ್ಲದೆ ಇಷ್ಟು ಬಟ್ಟೆ ಎಲ್ಲಿಂದ ಒಗೀತೀವಿ? ಲೇ, ಬಾ ಇಲ್ಲಿ! ಯಾರೋ ನಿನ್ನ ವಿಷಯ ಮಾತಾಡ್ತಿದಾರೆ."

ಒಳಗಿಂದ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಸೊಂಟಕ್ಕೆ ಕೈಯಿಟ್ಟುಕೊಂಡು ಬಂದು ನಿಂತಳು. ಮಾರಾಟದವರು ಫಾರಂ ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಫಾರಂ ನೋಡಿದರು. ಮಾರಾಟದಲ್ಲಿ ಪಳಗಿದ ಜನ ಸುಲಭಕ್ಕೆ ಸೋಲುವುದಿಲ್ಲ. "ಸಂತೋಷ. ಹಾಗಾದ್ರೆ ದೂರು ಮುಗೀತು ಅಂತ ಒಂದು ಸಹಿ ಹಾಕಿ" ಎಂದರು. ಲಾಂಡ್ರಿಯವನು, ಬದುಕಿರುವ ಮಗಳು ಸತ್ತಳು ಅಂತ ಬರೆದ ಕಾಗದಕ್ಕೆ ಸಹಿ ಹಾಕುವ ಅಪ್ಪ ತಾನಲ್ಲ ಎಂದು ಅವರನ್ನು ಅಂಗಡಿಯಿಂದ ಹೊರಗೆ ಕಳಿಸಿದ. ಹೂಗುಚ್ಛವನ್ನೂ ಅವರ ಹಿಂದೆಯೇ ಎಸೆದ. ಪಂಪನ್ನು ಮಾತ್ರ ಇಟ್ಟುಕೊಂಡ.

ಆಮೇಲೆ ಯಾರೋ, ಯಾಕಪ್ಪನವರು ಶನಿವಾರ ಶನಿವಾರ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರಲ್ಲ, ಅಲ್ಲಿಂದ ಬಂದು ಈ ಅರಸರ ಹೆಸರು ಹೇಳುತ್ತಿದ್ದರು ಎಂದು ನೆನಪಿಸಿಕೊಂಡರು. ಮ್ಯಾನೇಜರ್ ನಮ್ಮ ವಿಭಾಗಕ್ಕೆ ಫೋನ್ ಮಾಡಿದರು. ಎತ್ತಿದವನು ನಾನು.

"ಅರಸರ ಬಗ್ಗೆ ವಿಚಾರಿಸಬೇಕಿತ್ತು" ಎಂದಿತು ಫೋನು. ಕಾರ್ಖಾನೆಯವರಿಗೂ ನಾಟಕದ ರುಚಿ ಹತ್ತಿತಲ್ಲ ಎಂದು ನನಗೆ ಹೆಮ್ಮೆಯಾಯಿತು.

"ಅರಸರ ಸ್ಥಿತಿ ಚೆನ್ನಾಗಿಲ್ಲ ಸಾರ್. ಮಗಳ ಹೆಣ ನೋಡಿದ ಮೇಲೆ ಮಾತೇ ಆಡಿಲ್ಲ."

"ಅಯ್ಯೋ! ಈಗ ಎಲ್ಲಿದಾರೆ?"

"ಕಪಾಟಿನಲ್ಲಿದಾರೆ. ಬೀಗದ ಕೈ ಪ್ರಾಧ್ಯಾಪಕರ ಹತ್ರ ಇದೆ."

ಆ ಕಡೆಯವರು ಧ್ವನಿ ತಗ್ಗಿಸಿದರು. "ಹೊರಗೆ ಬಿಡೋದು ಯಾವಾಗ?"

"ಶನಿವಾರ ಹನ್ನೊಂದಕ್ಕೆ ತೆಗೀತಾರೆ. ಒಂದು ಅಂಕ ಓದಿ ಮತ್ತೆ ಒಳಗಿಡ್ತಾರೆ. ಜೋಪಾನ ಮಾಡ್ಬೇಕು ಸಾರ್, ಬೆನ್ನು ಮುರಿದುಹೋಗಿದೆ, ದಾರ ಹಾಕಿ ಹೊಲಿಸಿದ್ದೀವಿ."

ಪೊಲೀಸರಿಗೆ ಹೇಳಬೇಕೇ ಎಂದು ಮ್ಯಾನೇಜರ್ ಕೇಳಿದಾಗ ನನಗೂ ಅನುಮಾನ ಬಂತು. ಅದು ನಾಟಕ, ಅರಸ ಪುಸ್ತಕದಲ್ಲಿದ್ದಾನೆ ಎಂದು ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ಹೇಳಿದ ಮೇಲೆ ಫೋನು ಇಟ್ಟ ಸದ್ದಿಗೆ ನನ್ನ ಕಿವಿ ಗುಂಯ್ ಎಂದಿತು.

ಬುಧವಾರ ಸಂಜೆ ಯಾಕಪ್ಪನವರು ಬಸ್ಸಿಳಿಯುವ ಹೊತ್ತಿಗೆ ಸುದ್ದಿ ಅವರ ಬೀದಿಗೂ ಬಂದಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟರು, "ಯಾರೋ ರಾಜಮನೆತನದವರ ಕೇಸಂತೆ" ಎಂದು ಗೇಟಿನಲ್ಲೇ ಸಮಾಧಾನ ಹೇಳಿದರು. ಭಾವಮೈದುನ, "ಭಾವ, ಏನನ್ನೂ ಒಪ್ಕೋಬೇಡಿ. ಸಹಿ ನಂದಲ್ಲ ಅಂದ್ಬಿಡಿ" ಎಂದು ಕಾನೂನು ಹೇಳಿದ. ಹೆಂಡತಿ ಮಾತ್ರ, "ಮೊದಲು ಕೈಕಾಲು ತೊಳ್ಕೊಳ್ಳಿ" ಎಂದರು.

ಗುರುವಾರ ಕಾರ್ಖಾನೆಯಲ್ಲಿ ಸಭೆ. ದೊಡ್ಡ ಸಾಹೇಬರೇ ಬಂದು ಕೂತರು. ಮ್ಯಾನೇಜರ್ ಎದ್ದು, "ಸಾರ್, ಇದೊಂದು ಹುಚ್ಚಾಟ. ಆದರೆ ನಂಬರು ಬಿದ್ದಿದೆ. ಅರಸರ ಪರವಾಗಿ ಆ ಪ್ರಾಧ್ಯಾಪಕರ ಸಹಿ ನಡೆಯುತ್ತೆ ಅಂತ ನಂಬರಮ್ಮ ಹೇಳಿದಾರೆ. ಐದನೇ ಜಾಗದಲ್ಲಿ ಏನೋ ಒಂದು ಗೀಚಿ ಸಹಿ ಹಾಕಿಸಿದ್ರೆ ಆಯ್ತು" ಎಂದರು.

ಎಲ್ಲರೂ ಯಾಕಪ್ಪನವರನ್ನು ನೋಡಿದರು. ಅವರು ಎದ್ದು ನಿಂತರು.

"ಏನೋ ಒಂದು ಗೀಚೋಕ್ಕಾಗಲ್ಲ ಸಾರ್" ಎಂದರು. "ಇಪ್ಪತ್ತಾರು ವರ್ಷದಲ್ಲಿ ಗೊತ್ತಿಲ್ಲದ ಉತ್ತರ ಬರೆದು ಒಂದು ದೂರನ್ನೂ ಮುಗಿಸಿಲ್ಲ. ಅವಳು ಹೆಸರು ಯಾಕೆ ಹೇಳಲಿಲ್ಲ ಅಂತ ನಂಗೆ ಇನ್ನೂ ಗೊತ್ತಿಲ್ಲ."

"ಅದರಲ್ಲೇನಿದೆ ಗೊತ್ತಾಗದೆ ಇರೋಕೆ?" ಎಂದರು ಮ್ಯಾನೇಜರ್. "ಜಂಬ! ಅರಸನ ಮಗಳು, ಕಾವಲುಗಾರನ ಹತ್ರ ಮಾತಾಡ್ತಾಳಾ?"

"ಜಂಬ ಇದ್ದೋಳು ಕೊಡ ಹಿಡ್ಕೊಂಡು ಸಾಲಲ್ಲಿ ನಿಲ್ತಾಳಾ?" ಎಂದರು ನಂಬರಮ್ಮ. ಅವರು ಸಭೆಯಲ್ಲಿ ಬಾಯಿ ಬಿಟ್ಟದ್ದೇ ಅವತ್ತು ಮೊದಲು.

ಮಾರಾಟದವರಿಗೆ ಇದು ಪ್ರಚಾರದ ಕೊರತೆ ಅನ್ನಿಸಿತು. ಹೆಸರು ಹೇಳಿಕೊಳ್ಳದೆ ಲೋಕದಲ್ಲಿ ಯಾವುದು ಸಿಕ್ಕಿದೆ? ಖರೀದಿಯವರು ಸೊಂಟ ಹಿಡಿದುಕೊಂಡೇ ಎದ್ದು ನಿಂತು, ಗಂಡನನ್ನು ಯಾರೂ ಯಾಕೆ ಕೇಳುತ್ತಿಲ್ಲ, ಅವನು ಎಲ್ಲಿದ್ದ ಎಂದು ಗುಡುಗಿದರು. ದೊಡ್ಡ ಸಾಹೇಬರು ಅರಸನ ಪಕ್ಷ ವಹಿಸಿದರು. "ಬಂದೋರಿಗೆಲ್ಲ ಬಾಗಿಲು ತೆಗೀತಾ ಹೋದ್ರೆ ಕೊಳದಲ್ಲಿ ಏನ್ರೀ ಉಳಿಯುತ್ತೆ? ನಡೆಸೋನ ಕಷ್ಟ ನಡೆಸೋನಿಗೇ ಗೊತ್ತು. ತಪ್ಪು ಕಾವಲುಗಾರನದು. ಸರಿಯಾಗಿ ನೋಡಿ ಹೇಳ್ಬೇಕಿತ್ತು."

ಆಗ ಬಾಗಿಲ ಹತ್ತಿರದಿಂದ ಒಂದು ಧ್ವನಿ ಬಂತು. "ನಂಗೇನ್ ಗೊತ್ತು ಸಾರ್? ಒಳಗಿಂದ ಬೇಡ ಅಂದ್ರೆ ಬೇಡ. ನೀವು ಹೇಳಿದ್ದನ್ನೇ ನಾನು ಹೊರಗೆ ಹೇಳೋದು. ಕೊನೆಗೆ ಎಲ್ಲಾ ನನ್ನ ತಲೆಗೇ ಕಟ್ತೀರಿ!"

ನೋಡಿದರೆ ಕಾರ್ಖಾನೆಯ ಗೇಟಿನವನು. ಟೀ ಲೋಟ ತೆಗೆದುಕೊಂಡು ಹೋಗಲು ಬಂದವನು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಕಣ್ಣಲ್ಲಿ ನೀರು ತುಂಬಿತ್ತು. ದೊಡ್ಡ ಸಾಹೇಬರು ಸಿಟ್ಟಾಗಬೇಕಿತ್ತು, ಆಗಲಿಲ್ಲ. ಮೂರು ಗಂಟೆಗೆ ಶುರುವಾದ ಸಭೆ ಆರಾದರೂ ಮುಗಿದಿರಲಿಲ್ಲ. ಪಂಪಿನ ಬಗ್ಗೆ ಆ ಕಾರ್ಖಾನೆಯಲ್ಲಿ ಯಾರೂ ಅಷ್ಟು ಹೊತ್ತು ಜಗಳವಾಡಿದ್ದಿಲ್ಲ. ಪ್ರಾಧ್ಯಾಪಕರು ಆರು ವರ್ಷದಿಂದ ಇಂಥದೊಂದು ತರಗತಿ ಸಿಗಲಿ ಎಂದು ಆಸೆಪಟ್ಟಿದ್ದರು. ಸಿಕ್ಕ ದಿನ ಅವರೇ ಅಲ್ಲಿರಲಿಲ್ಲ.

ಕೊನೆಗೆ ದೊಡ್ಡ ಸಾಹೇಬರು ಮೇಜು ಕುಟ್ಟಿದರು. "ರೀ, ಬರೆದೋರು ನೀವು. ನಿಮಗೇನನ್ಸುತ್ತೆ?"

ಯಾಕಪ್ಪನವರು ಈ ಸಲ ಹಿಂದೆ ತಿರುಗಿ ನೋಡಲಿಲ್ಲ. "ಶನಿವಾರದವರೆಗೂ ಸಮಯ ಕೊಡಿ ಸಾರ್" ಎಂದರು.

"ಕೊಟ್ಟೆ. ಶನಿವಾರ ಐದನೇದು ತುಂಬಿ, ಸಹಿ ಹಾಕಿಸ್ಕೊಂಡು ಬನ್ನಿ. ಸುಳ್ಳು ಉತ್ತರ ಆಗಬಾರದು, ಖಾಲೀನೂ ಇರಬಾರದು. ಆಗಲಿಲ್ಲ ಅಂದ್ರೆ ಸೋಮವಾರದಿಂದ ತಪಾಸಣೆ ಬೇರೆಯವರಿಗೆ, ನೀವು ಗುಜರಿ ಯಾರ್ಡಿಗೆ."

ಗುಜರಿ ಯಾರ್ಡು ಕಾರ್ಖಾನೆಯ ಹಿಂದಿದೆ. ಅಲ್ಲಿಗೆ ಬರುವ ಪಂಪುಗಳನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಆ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿರಲಿಲ್ಲ.

ಶುಕ್ರವಾರ ಇಡೀ ದಿನ ಯಾಕಪ್ಪನವರು ಯೋಚಿಸಿದರು. ಏನೂ ಹೊಳೆಯಲಿಲ್ಲ. ಪಂಪು ಕೆಟ್ಟರೆ ಅವರು ಪಂಪನ್ನು ಬಿಚ್ಚಿ ಓಡಿಸಿ ನೋಡುತ್ತಿದ್ದರು. ಇದನ್ನು ಓಡಿಸಿ ನೋಡುವುದು ಹೇಗೆ? ಆರು ಗಂಟೆಗೆ ಮನೆ ಬಾಗಿಲಿಗೆ ಬಂದರು. ಬಾಗಿಲು ಹಾಕಿತ್ತು. ತಟ್ಟಿದರು.

"ಯಾರು?" ಎಂದರು ಒಳಗಿಂದ ಹೆಂಡತಿ.

ಯಾಕಪ್ಪನವರು ಬಾಯಿ ತೆರೆದವರು ಮುಚ್ಚಿಕೊಂಡರು. ಮತ್ತೆ ತಟ್ಟಿದರು.

"ಯಾರು ಅಂತ ಕೇಳಿದ್ನಲ್ಲ?"

ಮತ್ತೆ ತಟ್ಟಿದರು. ಒಳಗೆ ಪಿಸುಮಾತು ಶುರುವಾಯಿತು. ಟೀಗೆ ಬಂದಿದ್ದ ಭಾವಮೈದುನನ ಧ್ವನಿ ಕೇಳಿಸಿತು. "ಅಕ್ಕ, ತೆಗೀಬೇಡ. ಹೆಸರು ಹೇಳ್ತಿಲ್ಲ ಅಂದ್ರೆ ಕಳ್ಳನೇ. ಇಲ್ಲಾ ಕೋರ್ಟಿನ ನೋಟೀಸು. ಎರಡಕ್ಕೂ ತೆಗೀಬಾರದು." ಪಕ್ಕದ ಮನೆಯ ಮೇಷ್ಟರು ಛತ್ರಿ ಹಿಡಿದು ಗೇಟಿನ ತನಕ ಬಂದರು. ಬಾಗಿಲಲ್ಲಿ ನಿಂತದ್ದು ಮನೆಯ ಯಜಮಾನನೇ ಎಂದು ಕಂಡು ಕಕ್ಕಾಬಿಕ್ಕಿಯಾದರು. ಯಾಕಪ್ಪನವರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಮೇಷ್ಟರು, ರಾಜಮನೆತನದ ಕೇಸು ಮನುಷ್ಯನ ತಲೆಗೇರಿದೆ ಎಂದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು.

ಎಷ್ಟು ಹೊತ್ತು ನಿಂತರೋ. ಕಾಲು ನೋಯತೊಡಗಿತು. ಬಾಯಾರಿಕೆಯಾಗಿತ್ತು. ಒಂದೇ ಒಂದು ಮಾತು ಸಾಕಿತ್ತು, ನಾನು ಕಣೇ ಎಂದರೆ ಬಾಗಿಲು ತೆರೆಯುತ್ತಿತ್ತು. ಆದರೆ ಆ ಮಾತು ಆಡಲು ಅವರಿಗೆ ಮನಸ್ಸೇ ಬರಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮನೆಯ ಬಾಗಿಲು ಈಗ ತೆಗೆಯುತ್ತದೋ ಇಲ್ಲವೋ ಎಂದು ಅವರು ಚಿಲಕದ ಸದ್ದಿಗೆ ಕಿವಿಗೊಟ್ಟು ನಿಂತರು.

ಒಳಗೆ ಹೆಂಡತಿಯ ಧ್ವನಿ ಕೇಳಿಸಿತು. "ಸುಮ್ನಿರೋ ನೀನು. ಯಾರಾದ್ರೇನು, ಇಷ್ಟು ಹೊತ್ತಿಂದ ನಿಂತಿದಾರೆ ಅಂದ್ರೆ ಏನೋ ಕಷ್ಟ ಇರ್ಬೇಕು."

ಚಿಲಕ ಸರಿಯಿತು. ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ, ಯಾವುದಕ್ಕೂ ಇರಲಿ ಎಂದು, ಸೌಟು.

"ಅಯ್ಯೋ, ನೀವಾ? ಬಾಯಿಗೇನ್ ಬಂದಿತ್ರೀ?"

ಯಾಕಪ್ಪನವರು ನೀರು ಕುಡಿದು ಲೋಟ ವಾಪಸು ಕೊಟ್ಟರು. ಮದುವೆಯಾದ ದಿನ ಕೂಡ ಆ ಹೆಂಗಸಿನ ಮೇಲೆ ಅಷ್ಟು ಪ್ರೀತಿ ಬಂದಿರಲಿಲ್ಲ ಎಂದು ಅವರೇ ನನ್ನ ಹತ್ತಿರ ಹೇಳಿದರು. ಸೀದಾ ಒಳಗೆ ಹೋಗಿ, ಚಪ್ಪಲಿ ಕೂಡ ಬಿಡದೆ, ಫಾರಂ ತೆಗೆದು ಐದನೆಯದನ್ನು ತುಂಬಿದರು.

ಶನಿವಾರ ಹನ್ನೊಂದಕ್ಕೆ ನಮ್ಮ ತರಗತಿಯಲ್ಲಿ ಎಂದೂ ಇಲ್ಲದಷ್ಟು ಜನ. ಸಹಿ ನಿಜವಾಗಿ ಬೀಳುತ್ತದೋ ನೋಡಲು ದೊಡ್ಡ ಸಾಹೇಬರು, ಅವರ ಹಿಂದೆ ಮ್ಯಾನೇಜರ್, ನಂಬರಮ್ಮ, ರಜೆ ಹಾಕಿ ಬಂದ ಗೇಟಿನವನು. ನಾನು ಕುರ್ಚಿಗಾಗಿ ಪಕ್ಕದ ಭೂಗೋಳ ವಿಭಾಗಕ್ಕೆ ಓಡಿದೆ. ಪ್ರಾಧ್ಯಾಪಕರು ಬಾಗಿಲಲ್ಲೇ ನಿಂತು, ತಪ್ಪು ಕೋಣೆಗೆ ಬಂದೆನೇನೋ ಎಂದು ಬೋರ್ಡು ನೋಡಿದರು.

"ಬರ್ಕೊಂಡು ಬಂದಿದೀರಾ?" ಎಂದು ಕೇಳಿದರು.

ಯಾಕಪ್ಪನವರು ಎದ್ದು ಗುಲಾಬಿ ಫಾರಂ ಹಿಡಿದು ಮೊದಲಿನಿಂದ ಓದಿದರು. ಐದನೆಯದಕ್ಕೆ ಬಂದಾಗ ಧ್ವನಿ ಸಣ್ಣದಾಯಿತು.

"ಹೆಸರು ಹೇಳಲಿಲ್ಲ ಯಾಕೆ? ಹೆಸರು ಹೇಳಿದರೆ ಬಾಗಿಲು ತೆಗೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಯಾರೂ ಅಲ್ಲದವರಿಗೂ ಅಪ್ಪ ಬಾಗಿಲು ತೆಗೆಯುತ್ತಾನಾ ಎಂದು ನೋಡುತ್ತಾ ನಿಂತಳು."

 ಗೇಟಿನವನು ಮೂಗು ಸೀಟಿದ. ಯಾಕಪ್ಪನವರು ಫಾರಂ ಕೆಳಗಿಳಿಸಿ, "ಸರಿಯಾ ಸಾರ್? ಐದನೇ ಅಂಕದಲ್ಲಿ ಇದೇ ಇದೆಯಾ?" ಎಂದರು.

"ಇಲ್ಲ" ಎಂದರು ಪ್ರಾಧ್ಯಾಪಕರು. "ಮಗಳ ಮಾತೇ ಅಲ್ಲಿಲ್ಲ."

ಯಾಕಪ್ಪನವರು ಫಾರಂ ಮಡಚತೊಡಗಿದರು. ಮ್ಯಾನೇಜರ್ ಆಗಲೇ ಗುಜರಿ ಯಾರ್ಡಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ನಂಬರಮ್ಮನನ್ನು ಪಿಸುಗುಟ್ಟಿ ಕೇಳುತ್ತಿದ್ದರು. ಪ್ರಾಧ್ಯಾಪಕರು ದಾರ ಹಾಕಿ ಹೊಲಿದ ಪುಸ್ತಕವನ್ನು ತೆರೆದು ಐದನೇ ಅಂಕ ಓದತೊಡಗಿದರು. ಅಂಕ ಚಿಕ್ಕದು. ಅರಸ ಕಿರೀಟ ತೆಗೆದಿಟ್ಟು, ಹರಿದ ಬಟ್ಟೆ ಉಟ್ಟು, ಮಗಳ ಕೊಡ ಹಿಡಿದು ಹಿಂಬಾಗಿಲಿನಿಂದ ಊರಿಗೆ ಇಳಿಯುತ್ತಾನೆ. ಬೆಳಗಾದಾಗ ಅರಮನೆಯ ಮುಂದೆ ನೀರಿಗೆ ನಿಂತವರ ಸಾಲಿನಲ್ಲಿ ಕೊನೆಯವನಾಗಿ ನಿಲ್ಲುತ್ತಾನೆ. ಅವನ ಸರದಿ ಬರುತ್ತದೆ. ಕಾವಲುಗಾರ ಯಾರು ನೀನು ಎಂದು ಕೇಳುತ್ತಾನೆ. ಅರಸ ಸುಮ್ಮನಿದ್ದಾನೆ. ಹೆಸರು ಹೇಳು ಎನ್ನುತ್ತಾನೆ. ಅರಸ ಹೇಳುವುದಿಲ್ಲ. ತೆರೆ ಬೀಳುತ್ತದೆ.

ಅರಸ ಹೆಸರು ಹೇಳದ ಆ ಮಾತಿಗೆ ಬಂದಾಗ ಪ್ರಾಧ್ಯಾಪಕರು ಓದು ನಿಲ್ಲಿಸಿದರು. ಮತ್ತೊಮ್ಮೆ ಅದನ್ನೇ ಓದಿದರು. ಕನ್ನಡಕ ತೆಗೆದರು.

"ಮೂವತ್ತು ವರ್ಷದಿಂದ ಇದನ್ನ ಪಾಠ ಮಾಡ್ತಿದ್ದೀನಿ" ಎಂದರು. "ಅರಸ ನಾಚಿಕೆಯಿಂದ ಹೆಸರು ಹೇಳಲಿಲ್ಲ ಅಂತಲೇ ಎಲ್ಲರಿಗೂ ಹೇಳ್ಕೊಟ್ಟೆ. ನಾಚಿಕೆ ಅಲ್ಲ ಕಣ್ರೀ ಅದು. ಮಗಳು ಕಾದ ಜಾಗದಲ್ಲೇ ನಿಂತು, ಅವಳು ಕಾದಿದ್ದನ್ನೇ ಕಾಯ್ತಿದಾನೆ. ಇಷ್ಟು ವರ್ಷ ತಪ್ಪು ಹೇಳ್ಕೊಟ್ನಲ್ಲ!"

ದೊಡ್ಡ ಸಾಹೇಬರು ಕಿಟಕಿಯ ಕಡೆಗೆ ತಿರುಗಿ ಕೂತಿದ್ದರು. ಯಾಕಪ್ಪನವರು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ಫಾರಮನ್ನು ಪ್ರಾಧ್ಯಾಪಕರ ಮುಂದೆ ಇಟ್ಟರು.

"ಹಾಗಾದ್ರೆ ಸಾರ್, ಅರಸರ ಪರವಾಗಿ ಇಲ್ಲೊಂದು ಸಹಿ."

ಪ್ರಾಧ್ಯಾಪಕರು ಸಹಿ ಹಾಕಿದರು. ಹಾಕಿದವರು ಫಾರಂ ಬಿಡಲಿಲ್ಲ. ಮೊದಲ ಸಾಲಿನ ವಿದ್ಯಾರ್ಥಿ ಕೇಳುವ ಹಾಗೆ ಅಳುಕುತ್ತಾ, "ಇದರದ್ದೊಂದು ನಕಲು ನಂಗೆ ಸಿಗುತ್ತಾ? ಬರೋ ವರ್ಷ ಪಾಠ ಮಾಡೋಕ್ಕೆ ಬೇಕಿತ್ತು" ಎಂದರು.

ಯಾಕಪ್ಪನವರು ನಂಬರಮ್ಮನ ಕಡೆ ನೋಡಿದರು. ನಂಬರಮ್ಮ ತಲೆಯಾಡಿಸಿದರು.

"ಕೊಡೋಣ ಸಾರ್. ಒಂದು ಅರ್ಜಿ ಬರ್ಕೊಡಿ" ಎಂದರು ಯಾಕಪ್ಪನವರು. "ಯಾಕೆ ಬೇಕು ಅನ್ನೋದನ್ನ ಮಾತ್ರ ಸರಿಯಾಗಿ ಬರೀಬೇಕು."

ಪ್ರಾಧ್ಯಾಪಕರು ಮರುಮಾತಾಡದೆ ನನ್ನ ಹತ್ತಿರ ಒಂದು ಬಿಳಿ ಹಾಳೆ ಇಸಿದುಕೊಂಡು, ಮೊದಲ ಸಾಲಿನಲ್ಲಿ ಕೂತು ಬರೆಯತೊಡಗಿದರು.